ಕೇಳಿದ್ದು ಒಂದು ಕ್ಯಾಂಪಸ್, ಕೊಟ್ಟಿದ್ದು ಇನ್ನೊಂದು: ಕಾಲೇಜು ಕೌನ್ಸೆಲರ್ ಜೊತೆ ಪ್ರಶ್ನೋತ್ತರ

ಅಮೆರಿಕದಲ್ಲಿರುವ ಕನ್ನಡ ಪೋಷಕರ ಗುಂಪು. ಉತ್ತರಿಸುತ್ತಿರುವವರು ಕ್ಯಾಲಿಫೋರ್ನಿಯಾದ ಸರ್ಕಾರಿ ಹೈಸ್ಕೂಲೊಂದರಲ್ಲಿ 14 ವರ್ಷದಿಂದ ಕಾಲೇಜು ಕೌನ್ಸೆಲರ್ ಆಗಿರುವ ನಮ್ಮ ಸದಸ್ಯೆ.

ಪ್ರಶ್ನೆ (ಒಬ್ಬ ತಾಯಿ, ಹೆಸರು ಬೇಡ ಅಂದಿದ್ದಾರೆ):
ನಮಸ್ಕಾರ ಮೇಡಂ. ಮಗ 12ನೇ ಕ್ಲಾಸು. ನಮ್ಮ ರಾಜ್ಯದ ದೊಡ್ಡ ಯೂನಿವರ್ಸಿಟಿಗೆ ಕಂಪ್ಯೂಟರ್ ಸೈನ್ಸ್ ಬೇಕು ಅಂತ ಅರ್ಜಿ ಹಾಕಿದ್ದ. ಹೋದ ಶುಕ್ರವಾರ ಸಂಜೆ ಪೋರ್ಟಲ್ ತೆರೆದ್ವಿ. ಪರದೆ ತುಂಬ ಬಣ್ಣದ ಚೂರು ಹಾರಿ "ಅಭಿನಂದನೆಗಳು" ಅಂತ ಬಂತು. ಹಾಸನದಲ್ಲಿ ಆಗ ಶನಿವಾರ ಬೆಳಿಗ್ಗೆ, ಅತ್ತೆ ವಿಡಿಯೋ ಕಾಲ್‌ನಲ್ಲಿದ್ರು. ಅವರು ತಕ್ಷಣ ಎದ್ದು ದೇವರಿಗೆ ದೀಪ ಹಚ್ಚಿ, ಪಕ್ಕದ ಮನೆಗೆ ಸಕ್ಕರೆ ಕೊಟ್ಟು ಬಂದ್ರು. ಎರಡನೇ ಪ್ಯಾರಾ ಓದಿದ ಮೇಲೆ ಗೊತ್ತಾಯ್ತು, ಸೀಟು ಕೊಟ್ಟಿರೋದು ನಾವು ಕೇಳಿದ ಕ್ಯಾಂಪಸ್‌ನಲ್ಲಿ ಅಲ್ಲ, ನಾಲ್ಕೂವರೆ ಗಂಟೆ ದೂರದ ಇನ್ನೊಂದರಲ್ಲಿ, "ಮೊದಲ ವರ್ಷಕ್ಕೆ" ಅಂತ. ಆ ಊರಿನ ಹೆಸರನ್ನೇ ನಾವು ಅರ್ಜಿಯಲ್ಲಿ ಬರೆದಿರಲಿಲ್ಲ. ಮಗ ಮೂರು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ. ಇದು ಸೀಟು ಸಿಕ್ಕ ಹಾಗಾ, ಸಿಗದ ಹಾಗಾ? ಒಪ್ಪಿಕೊಳ್ಳೋದಾ ಬೇಡವಾ?

ಉತ್ತರ:
ನೇರವಾಗಿ ಹೇಳ್ತೀನಿ. ಕೇಳಿದ ಸೀಟು ಸಿಕ್ಕಿಲ್ಲ, ಕೇಳದೇ ಇದ್ದ ಸೀಟೊಂದು ಸಿಕ್ಕಿದೆ. ಎರಡು ಸುದ್ದಿಯನ್ನೂ ಒಂದೇ ಕಾಗದದಲ್ಲಿ, ಒಂದೇ "ಅಭಿನಂದನೆ"ಯ ಕೆಳಗೆ ಹಾಕಿದ್ದಾರೆ. ನಿಮ್ಮ ಮಗನಿಗೆ ನೋವಾಗಿರೋದು ಅದಕ್ಕೇ. ಸೀದಾ "ಇಲ್ಲ" ಅಂದಿದ್ರೆ ಎರಡು ದಿನ ಅತ್ತು ಮುಂದಕ್ಕೆ ಹೋಗ್ತಿದ್ದ. ಅವನ ಸಿಟ್ಟು ನ್ಯಾಯವಾದದ್ದು. "ಏನೋ ಒಂದು ಸಿಕ್ತಲ್ಲ ಬಿಡು" ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಊರಲ್ಲಿ ಸಿಇಟಿ ಬರೆದು ಬಂದ ನಮ್ಮಂಥವರಿಗೆ ಇದು ಅರ್ಥವಾಗೋದು ಕಷ್ಟ. ಅಲ್ಲಿ ಆಪ್ಷನ್ ಎಂಟ್ರಿ ಮಾಡ್ತೀವಿ, ಒಂದೊಂದು ಕಾಲೇಜಿಗೂ ಕೋರ್ಸಿಗೂ ಕೋಡ್ ಇರುತ್ತೆ. ನಾವು ಬರೆಯದ ಕಾಲೇಜನ್ನ ಸೀಟು ಹಂಚೋ ಕೆಇಎ ನಮಗೆ ಕೊಡಲ್ಲ. ಸೀಟು ಬಂದ ಮೇಲೂ ಚಾಯ್ಸ್ 1, 2, 3, 4 ಅಂತ ಇರುತ್ತೆ: ಸೇರ್ತೀನಿ, ಇಟ್ಕೊಂಡು ಮುಂದಿನ ಸುತ್ತು ನೋಡ್ತೀನಿ, ಬಿಟ್ಟು ನೋಡ್ತೀನಿ, ಬೇಡವೇ ಬೇಡ. ಇಲ್ಲಿ ಇಂಥ ಆಫರ್ ಬಂದಾಗ ಆ ಎರಡನೇ ಚಾಯ್ಸೇ ಇಲ್ಲ.

ನಿಮ್ಮದು ಯಾವ ಯೂನಿವರ್ಸಿಟಿ ಅಂತ ನೀವು ಹೇಳಿಲ್ಲ, ಹೇಳಬೇಕಾಗೂ ಇಲ್ಲ. ಆದ್ರೆ ಈ ಆಫರ್‌ಗಳೆಲ್ಲ ಒಂದೇ ಥರ ಅಲ್ಲ. ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಯ 'ಕ್ಯಾಪ್' ಅನ್ನೋ ಪ್ರವೇಶ ಯೋಜನೆ ನೋಡಿ. 1997ರ ಕಾನೂನಿನ ಪ್ರಕಾರ ತಮ್ಮ ಹೈಸ್ಕೂಲಿನ ಮೇಲಿನ 10 ಪರ್ಸೆಂಟ್‌ನಲ್ಲಿರೋ ಮಕ್ಕಳಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ನೇರ ಪ್ರವೇಶ ಇದೆ. ಆಸ್ಟಿನ್‌ನಲ್ಲಿ ಜಾಗ ಸಾಲದೆ ಅಲ್ಲಿಗೆ ಮಾತ್ರ ಆ ಗೆರೆ ಇಳೀತಾ ಬಂದು 2026ರ ಪ್ರವೇಶಕ್ಕೆ 5 ಪರ್ಸೆಂಟ್ ಆಗಿದೆ. ಹೀಗೆ ಹೊರಗುಳಿದ ಟೆಕ್ಸಸ್ ಮಕ್ಕಳಲ್ಲಿ ಅನೇಕರಿಗೆ ಕ್ಯಾಪ್ ಆಫರ್ ಬರುತ್ತೆ. ಮೊದಲ ವರ್ಷ ಸ್ಯಾನ್ ಆಂಟೋನಿಯೊ, ಎಲ್ ಪಾಸೊದಂಥ ಕ್ಯಾಂಪಸ್‌ನಲ್ಲಿ 30 ಕ್ರೆಡಿಟ್ ಮುಗಿಸಿ 3.2 ಜಿಪಿಎ (4ಕ್ಕೆ ಸರಾಸರಿ ಅಂಕ) ಉಳಿಸಿಕೊಂಡ್ರೆ ಆಸ್ಟಿನ್‌ಗೆ ಬರಬಹುದು. ಖಾತ್ರಿ ಇರೋದು ಲಿಬರಲ್ ಆರ್ಟ್ಸ್‌ಗೆ, ಅಂದ್ರೆ ಭಾಷೆ, ಇತಿಹಾಸ, ಸಮಾಜಶಾಸ್ತ್ರದಂಥ ವಿಷಯಗಳ ವಿಭಾಗಕ್ಕೆ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ಬಿಸಿನೆಸ್ ಆ ಖಾತ್ರಿಯೊಳಗಿಲ್ಲ. ನಮ್ಮವರು ಎಡವೋದು ಇಲ್ಲೇ. ಕ್ಯಾಂಪಸ್ಸಿಗೆ ಬರೋ ದಾರಿ ತೋರಿಸಿದ್ರೆ ಕೋರ್ಸಿಗೂ ದಾರಿ ಇದೆ ಅಂದುಕೊಳ್ತೀವಿ.

ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ಯೂನಿವರ್ಸಿಟಿಯ '2+2' ಬೇರೆ. ಎರಡು ವರ್ಷ ಇನ್ನೊಂದು ಕ್ಯಾಂಪಸ್, ಆಮೇಲೆ ಮುಖ್ಯ ಕ್ಯಾಂಪಸ್ ಆದ ಯೂನಿವರ್ಸಿಟಿ ಪಾರ್ಕ್. ಪದವಿಪತ್ರದಲ್ಲಿ ಕ್ಯಾಂಪಸ್ ಹೆಸರು ಬರಲ್ಲ. ಅದು ಬಹಳ ಕಾಲದಿಂದ ನಡೆದು ಬಂದ ದಾರಿ, ಅಲ್ಲಿಂದ ಚೆನ್ನಾಗಿ ಓದಿ ಬಂದ ಮಕ್ಕಳನ್ನ ನಾನು ಬಲ್ಲೆ. ಆದ್ರೆ 2025ರ ಮೇ ತಿಂಗಳಲ್ಲಿ ಅಲ್ಲಿನ ಟ್ರಸ್ಟಿಗಳು 7 ಕ್ಯಾಂಪಸ್‌ಗಳನ್ನ 2027ರ ವಸಂತದ ಸೆಮಿಸ್ಟರ್ ನಂತರ ಮುಚ್ಚೋಕೆ ತೀರ್ಮಾನ ಮಾಡಿದ್ರು. ಹಾಗಾಗಿ ಯಾವುದೇ ಯೂನಿವರ್ಸಿಟಿ ಆಗಲಿ, ಕೊಟ್ಟಿರೋ ಕ್ಯಾಂಪಸ್ಸಿನ ಆರೋಗ್ಯ ಹೇಗಿದೆ ಅಂತಾನೂ ಈಗ ವಿಚಾರಿಸಬೇಕು. ಖಾಸಗಿಯವರಲ್ಲಿ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿ ಕೆಲವು ಮಕ್ಕಳನ್ನ ಮೊದಲ ಸೆಮಿಸ್ಟರ್ ಹೊರದೇಶಕ್ಕೆ ಕಳಿಸಿ ಆಮೇಲೆ ಬಾಸ್ಟನ್‌ಗೆ ಕರೆಸಿಕೊಳ್ಳುತ್ತೆ. 2022ರಲ್ಲಿ ಮಿಲ್ಸ್ ಕಾಲೇಜು ಅದರಲ್ಲಿ ವಿಲೀನವಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಓಕ್ಲೆಂಡ್ ಕ್ಯಾಂಪಸ್ಸೂ ಇದೆ.

ಯಾಕೆ ಹೀಗೆ ಮಾಡ್ತಾರೆ ಅಂತ ಎಲ್ಲರೂ ಕೇಳ್ತಾರೆ. ಮುಖ್ಯ ಕ್ಯಾಂಪಸ್ಸಿನಲ್ಲಿ ಹಾಸ್ಟೆಲ್, ಲ್ಯಾಬ್ ತುಂಬಿರುತ್ತೆ, ಸಣ್ಣ ಕ್ಯಾಂಪಸ್ಸಿಗೆ ಮಕ್ಕಳು ಬೇಕಿರುತ್ತೆ. ಎರಡನೇ ವರ್ಷದ ಹೊತ್ತಿಗೆ ಮುಖ್ಯ ಕ್ಯಾಂಪಸ್ ಬಿಟ್ಟು ಹೋದವರ ಜಾಗ ಖಾಲಿ ಆಗುತ್ತೆ. ಇನ್ನೊಂದು ವಿಷಯ, ಮುಖ್ಯ ಕ್ಯಾಂಪಸ್ಸಿನ ಪ್ರವೇಶ ಪ್ರಮಾಣ, ಸರಾಸರಿ ಅಂಕ ಇವೆಲ್ಲ ಶರತ್ಕಾಲದಲ್ಲಿ ಅಲ್ಲಿಗೇ ಸೇರೋ ಹೊಸಬರ ಲೆಕ್ಕ. ವರ್ಷ ಬಿಟ್ಟು ಬರೋ ಮಕ್ಕಳು ಆ ಲೆಕ್ಕಕ್ಕೆ ಸೇರಲ್ಲ.

ಮಕ್ಕಳು ಇಂಥ ಕಾಗದ ಹಿಡಿದು ನನ್ನ ರೂಮಿಗೆ ಬಂದಾಗ ಕೈಗೆ ಪೆನ್ಸಿಲ್ ಕೊಡ್ತೀನಿ. "ಖಂಡಿತ ಕೊಡ್ತೀವಿ" ಅನ್ನೋ ಅರ್ಥದ ಮಾತಿಗೆ ಅಡಿಗೆರೆ, "ಪರಿಗಣಿಸ್ತೀವಿ", "ಅರ್ಜಿ ಹಾಕಬಹುದು" ಅನ್ನೋ ಅರ್ಥದ ಮಾತಿಗೆ ಸುತ್ತು. ಹೋದ ವರ್ಷ ಒಬ್ಬ ಹುಡುಗಿಯ ಎರಡು ಪುಟದ ಕಾಗದದಲ್ಲಿ ಅಡಿಗೆರೆ ಒಂದೇ ಬಿತ್ತು, ಸುತ್ತು ಏಳು. ಅವಳು ಕಾಗದ ಮಡಚಿ ಬ್ಯಾಗಿಗೆ ಹಾಕಿ, "ಈಗ ಗೊತ್ತಾಯ್ತು" ಅಂದ್ಲು. ನಿಮ್ಮ ಮಗನ ಜೊತೆ ಕೂತು ಇದನ್ನ ಇವತ್ತು ರಾತ್ರಿ ಮಾಡಿ.

ಅದೇ ತಾಯಿ:
ಮಾಡಿದ್ವಿ ಮೇಡಂ. ಅಡಿಗೆರೆ ಎರಡು ಬಿತ್ತು, ಎರಡೂ ಕಂಪ್ಯೂಟರ್ ಸೈನ್ಸ್ ಬಗ್ಗೆ ಅಲ್ಲ. ಆದ್ರೆ ಸ್ನೇಹಿತರೆಲ್ಲ "ಒಂದು ವರ್ಷ ಚೆನ್ನಾಗಿ ಓದಲಿ, ಒಳಗೆ ಹೋದ ಮೇಲೆ ಬದಲಾಯಿಸಿಕೊಳ್ಳಬಹುದು" ಅಂತಾರೆ. ಅಪೀಲ್ ಹಾಕಿದ್ರೆ ಪ್ರಯೋಜನ ಇದೆಯಾ?

ಉತ್ತರ:
ಅಪೀಲಿಗೆ ಹೊಸ ವಿಷಯ ಬೇಕು. ಅರ್ಜಿ ಹಾಕಿದ ಮೇಲೆ ಬಂದ ದೊಡ್ಡ ಬಹುಮಾನ, ಅಥವಾ ಅಂಕಪಟ್ಟಿಯಲ್ಲಿ ಆಗಿದ್ದ ತಪ್ಪು, ಹೀಗೆ. "ನಮಗೆ ಅನ್ಯಾಯ ಆಗಿದೆ" ಅನ್ನೋದು ಸಾಲಲ್ಲ. ಅಂಥದ್ದೇನೂ ಇಲ್ಲ ಅಂದ್ರೆ ಹುಡುಗನನ್ನ ಇನ್ನೊಂದು ತಿಂಗಳು ಆಸೆಯಲ್ಲಿ ಕಟ್ಟಿ ಹಾಕಬೇಡಿ.

"ಒಳಗೆ ಹೋದ ಮೇಲೆ ಬದಲಾಯಿಸಬಹುದು" ಅನ್ನೋ ಮಾತು ಕಂಪ್ಯೂಟರ್ ಸೈನ್ಸ್ ವಿಷಯದಲ್ಲಿ ಅಪಾಯ. ಬೇಡಿಕೆ ಹೆಚ್ಚಿರೋ ವಿಭಾಗಗಳಲ್ಲಿ ಒಳಗಿನವರಿಗೇ ಜಾಗ ಸಿಗದೇ ಇರೋದನ್ನ ನಾನು ನೋಡಿದ್ದೀನಿ. ಪ್ರವೇಶ ಕಚೇರಿಗೆ ಇಮೇಲ್ ಮಾಡಿ. ಫೋನ್ ಬೇಡ, ಉತ್ತರ ಬರಹದಲ್ಲಿರಬೇಕು. ಇಮೇಲ್ ಮಗನ ಹೆಸರಿನಲ್ಲೇ ಹೋಗಲಿ. ಆ ಕ್ಯಾಂಪಸ್ಸಿಂದ ಬರೋರಿಗೆ ಈ ವಿಭಾಗಕ್ಕೆ ಅರ್ಜಿ ಹಾಕೋ ಅವಕಾಶ ಇದೆಯಾ, ಹೋದ ವರ್ಷ ಹಾಗೆ ಎಷ್ಟು ಜನರನ್ನ ತಗೊಂಡ್ರು ಅಂತ ಕೇಳಲಿ. ಅಲ್ಲಿ ಓದಿದ ಯಾವ ಯಾವ ಕೋರ್ಸು ಇಲ್ಲಿ ಲೆಕ್ಕಕ್ಕೆ ಬರುತ್ತೆ, ಸ್ಕಾಲರ್‌ಶಿಪ್ ಜೊತೆಗೆ ಬರುತ್ತಾ, ಎರಡನೇ ವರ್ಷ ಹಾಸ್ಟೆಲ್ ಸಿಗುತ್ತಾ? ಕೊನೇ ಎರಡನ್ನ ಯಾರೂ ಕೇಳಲ್ಲ, ಆಮೇಲೆ ದುಡ್ಡು ಹೋಗೋದು ಅಲ್ಲೇ.

ಅವನಿಗೆ ಬೇರೆ ಎಲ್ಲಿ ಸೀಟು ಬಂದಿದೆ ಅಂತ ಬರೆದಿಲ್ಲವಲ್ಲ?

ಒಬ್ಬ ತಂದೆ, ಫ್ರೀಮಾಂಟ್‌ನಿಂದ:
ನಡುವೆ ಬಂದೆ, ಕ್ಷಮಿಸಿ. ನಮ್ಮದೂ ಇದೇ ಕಥೆ. ಮಗಳು ರಾಜ್ಯದ ಟಾಪ್ 9 ಪರ್ಸೆಂಟ್‌ನಲ್ಲಿದ್ದಾಳೆ. ಅರ್ಜಿ ಹಾಕಿದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್ ಒಂದೂ ಸಿಗಲಿಲ್ಲ, ಯುಸಿಯದೇ ಮರ್ಸೆಡ್ ಕ್ಯಾಂಪಸ್ ಬೇಕಾ ಅಂತ ಕೇಳಿದ್ದಾರೆ. ಅಲ್ಲಿ ಒಂದು ವರ್ಷ ಓದಿ ಬರ್ಕ್ಲಿಗೆ ಟ್ರಾನ್ಸ್‌ಫರ್ ಆಗೋದು ಒಳ್ಳೇ ಉಪಾಯ ಅಲ್ವಾ?

ಉತ್ತರ:
ಅಲ್ಲ ಸರ್. ಯುಸಿ ಟ್ರಾನ್ಸ್‌ಫರ್‌ನಲ್ಲಿ ಮೊದಲ ಆದ್ಯತೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಿಂದ, ಅಂದ್ರೆ ಎರಡು ವರ್ಷದ ಸರ್ಕಾರಿ ಕಾಲೇಜಿನಿಂದ, ಬರೋ ಮಕ್ಕಳಿಗೆ. ಒಂದು ಯುಸಿಯಿಂದ ಇನ್ನೊಂದು ಯುಸಿಗೆ ಹೋಗೋರು ಅವರ ಹಿಂದೆ ನಿಲ್ಲಬೇಕು. ಡೇವಿಸ್, ಅರ್ವೈನ್, ಸ್ಯಾಂಟಾ ಬಾರ್ಬರಾ ಸೇರಿ ಆರು ಕ್ಯಾಂಪಸ್‌ಗಳು 'ಟ್ಯಾಗ್' ಅಂತ ಲಿಖಿತ ಟ್ರಾನ್ಸ್‌ಫರ್ ಖಾತ್ರಿ ಕೊಡ್ತವೆ, ಅದೂ ಕಮ್ಯುನಿಟಿ ಕಾಲೇಜಿನವರಿಗೆ ಮಾತ್ರ. ಎಲ್ಲ ಮೇಜರ್‌ಗೂ (ಮುಖ್ಯ ವಿಷಯಕ್ಕೂ) ಇಲ್ಲ, ಪಟ್ಟಿ ನೋಡಿಕೊಳ್ಳಬೇಕು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಆ ಖಾತ್ರಿ ಕೊಡಲ್ಲ. ಬರ್ಕ್ಲಿಯೇ ಗುರಿ ಅಂದ್ರೆ ಮನೆ ಹತ್ತಿರದ ಕಮ್ಯುನಿಟಿ ಕಾಲೇಜು ಮರ್ಸೆಡ್‌ಗಿಂತ ಒಳ್ಳೇ ದಾರಿ. ನಮ್ಮವರಿಗೆ ಆ ಹೆಸರು ಹೇಳೋಕೆ ಸಂಕೋಚ ಅಂತ ನನಗೆ ಗೊತ್ತು. ಆ ಸಂಕೋಚಕ್ಕೆ ಮಗಳ ಎರಡು ವರ್ಷ ಕೊಡಬೇಡಿ.

ಹಾಗಂತ ಮರ್ಸೆಡ್ ಕೀಳು ಅಂತ ನಾನು ಹೇಳ್ತಿಲ್ಲ. 2005ರಲ್ಲಿ 875 ವಿದ್ಯಾರ್ಥಿಗಳ ಜೊತೆ ಶುರುವಾದ, ಯುಸಿಯ ಹತ್ತನೇ ಕ್ಯಾಂಪಸ್ ಅದು. 2025ರಲ್ಲಿ ಕಾರ್ನೆಗಿ ವರ್ಗೀಕರಣದ ಆರ್1 ಪಟ್ಟಿಗೂ, ಅಂದ್ರೆ ಅತಿ ಹೆಚ್ಚು ಸಂಶೋಧನೆ ನಡೆಸೋ ಯೂನಿವರ್ಸಿಟಿಗಳ ಪಟ್ಟಿಗೂ, ಸೇರಿದೆ. ಸಣ್ಣ ಕ್ಯಾಂಪಸ್ ಆದ್ದರಿಂದ ಪ್ರೊಫೆಸರ್ ಲ್ಯಾಬಿಗೆ ಮೊದಲ ವರ್ಷವೇ ಹೋದ ಮಕ್ಕಳು ನನ್ನ ಶಾಲೆಯಿಂದ ಹೋದವರಲ್ಲೇ ಇದ್ದಾರೆ. ನಿಮ್ಮಿಂದ ಕಾರಲ್ಲಿ ಸುಮಾರು ಎರಡು ಗಂಟೆ. ಒಂದು ಶನಿವಾರ ಹೋಗಿ ನೋಡಿ ಬನ್ನಿ. ನಾಲ್ಕು ವರ್ಷ ಅಲ್ಲೇ ಇರ್ತೀನಿ ಅಂತ ಅವಳಿಗೆ ಅನಿಸಿದ್ರೆ ಸೇರಲಿ. ಬರ್ಕ್ಲಿಗೆ ಹತ್ತೋ ಮೆಟ್ಟಿಲು ಅಂತ ಸೇರಿಸಬೇಡಿ.

ಮೊದಲ ತಾಯಿ:
ಮೇಡಂ, ಐದು ದಿನದ ಮೇಲೆ ಬರೀತಿದ್ದೀನಿ. ಕಚೇರಿಯಿಂದ ಉತ್ತರ ಬಂತು: ಈ ಆಫರ್‌ನಿಂದ ಬರೋರಿಗೆ ಕಂಪ್ಯೂಟರ್ ಸೈನ್ಸ್ ಖಾತ್ರಿ ಇಲ್ಲ, ಸ್ಕಾಲರ್‌ಶಿಪ್ ಜೊತೆಗೆ ಬರಲ್ಲ. ಇನ್ನೊಂದು ಕಡೆ, ಅಷ್ಟು ಹೆಸರಿಲ್ಲದ ಸರ್ಕಾರಿ ಯೂನಿವರ್ಸಿಟಿಯಲ್ಲಿ, ನೇರ ಕಂಪ್ಯೂಟರ್ ಸೈನ್ಸ್‌ಗೇ ಸೀಟು ಬಂದಿದೆ. ನಾವು ಅದನ್ನ ಲೆಕ್ಕಕ್ಕೇ ಇಟ್ಟಿರಲಿಲ್ಲ. ಮಗ ನಿನ್ನೆ ಆ ಕಾಲೇಜಿನ ಕೋರ್ಸ್ ಪಟ್ಟಿ ತೆಗೆದು ಊಟದ ಮೇಜಿನ ಮೇಲಿಟ್ಟು, "ಅಮ್ಮ, ಇಲ್ಲಿ ಆಪರೇಟಿಂಗ್ ಸಿಸ್ಟಮ್ಸ್ ಎರಡನೇ ವರ್ಷಕ್ಕೇ ಇದೆ" ಅಂದ. ಅಜ್ಜಿಗೂ ಅವನೇ ಫೋನ್ ಮಾಡಿ ಎಲ್ಲ ಹೇಳಿದ. ಅದಕ್ಕೇ ಹೋಗ್ಲಾ ಅಂತ ಕೇಳ್ತಿದ್ದಾನೆ.

ಉತ್ತರ:
ಹೋಗಲಿ. ನನ್ನ ಮಗನಾಗಿದ್ರೂ ಇದನ್ನೇ ಹೇಳ್ತಿದ್ದೆ.

ಒಪ್ಪಿಗೆ ಕೊಡೋಕೆ ಮೇ 1 ಕೊನೇ ದಿನ ಅಂತ ಅಲ್ಲೀವರೆಗೂ ಕಾಯಬೇಡಿ. ಹಾಸ್ಟೆಲ್ ಅರ್ಜಿ ಬಹಳ ಕಡೆ ಬೇರೆಯೇ ಇರುತ್ತೆ, ಅದಕ್ಕೆ ಬೇರೆ ಗಡುವು. ಎಷ್ಟೋ ಕಡೆ ಮೊದಲು ಹಾಕಿದವರಿಗೆ ಮೊದಲು ರೂಮು. ಇವತ್ತೇ ಪೋರ್ಟಲ್ ತೆರೆದು ನೋಡಿ. ಆ ಇನ್ನೊಂದು ಆಫರ್‌ಗೆ "ಬೇಡ" ಅಂತ ಒತ್ತೋ ಗುಂಡಿ ಇರುತ್ತಲ್ಲ, ಅದನ್ನ ಒತ್ತೋದು ಅವನಿಗೇ ಬಿಡಿ.