ಹಳೇ ಜಾಸ್ ಎಲ್‌ಪಿ: ಮರುಮುದ್ರಣವೋ, ಮರುಬಿಡುಗಡೆಯೋ, ಮರುಅಚ್ಚೋ?

ಎಲ್ಲರಿಗೂ ನಮಸ್ಕಾರ.

ಜಾಸ್ ಎಲ್‌ಪಿಗಳಲ್ಲಿ ಕೈಗೆ ಸಿಕ್ಕ ಪ್ರತಿ ಯಾವ ಕಾಲದ್ದು ಅಂತ ಗುರುತಿಸುವುದು ಹೇಗೆ ಎಂಬುದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. 'ರೀಇಶ್ಯೂ' (ಹಳೇ ಆಲ್ಬಮನ್ನು ಮತ್ತೆ ಹೊರತರುವುದು) ಮತ್ತು 'ಪ್ರೆಸ್ಸಿಂಗ್' (ತಟ್ಟೆಗಳನ್ನು ಒತ್ತಿ ತೆಗೆದ ಒಂದು ಸರದಿ) ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವಲ್ಲಿಗೆ ಬಂದು ನಿಂತಿದ್ದೇನೆ.

ಮೊದಲು ಹೊಳೆಯುವುದು 'ಮರುಮುದ್ರಣ'. ಪುಸ್ತಕಕ್ಕೆ ಅದು ಸರಿಯೇ. ಆದರೆ ರೆಕಾರ್ಡಿಂಗಿಗೆ ನಮ್ಮಲ್ಲಿ ಆಗಲೇ 'ಧ್ವನಿಮುದ್ರಣ' ಇದೆ. "ಈ ಆಲ್ಬಮ್ 1970ರಲ್ಲಿ ಮರುಮುದ್ರಣವಾಯಿತು" ಅಂತ ಬರೆದರೆ, ಕಲಾವಿದರು ಮತ್ತೆ ಸ್ಟುಡಿಯೋಗೆ ಹೋಗಿ ನುಡಿಸಿದರು ಅಂತ ಓದಿಕೊಳ್ಳಬಹುದು, ಅಲ್ವಾ? ನಡೆದದ್ದು ಅದಲ್ಲ. 'ಮರುಬಿಡುಗಡೆ' ಸಿನಿಮಾದಿಂದಾಗಿ ಎಲ್ಲರಿಗೂ ಗೊತ್ತಿರುವ ಪದ, ಆದರೆ ಎಲ್ಲಾ ಕಡೆ ಹೊಂದುವುದಿಲ್ಲ.

ಜಾಸ್ ರೆಕಾರ್ಡುಗಳ ಬ್ಲೂ ನೋಟ್ ಕಂಪನಿಯನ್ನೇ ತೆಗೆದುಕೊಳ್ಳಿ. 50ರ ದಶಕದಿಂದ ಅದರ ಹೆಚ್ಚಿನ ರೆಕಾರ್ಡುಗಳ ಮೂಲ ತಟ್ಟೆಯಲ್ಲಿ ಧ್ವನಿಯ ಗೆರೆ ಕೆತ್ತಿದವರು ರೂಡಿ ವ್ಯಾನ್ ಗೆಲ್ಡರ್. ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಖಾಲಿ ಉಳಿಯುವ ಸುತ್ತಿನಲ್ಲಿ ಆರ್‌ವಿಜಿ ಎಂದೋ ವ್ಯಾನ್ ಗೆಲ್ಡರ್ ಎಂದೋ ಗುರುತು ಇರುತ್ತದೆ. ಅದೇ ಸುತ್ತಿನಲ್ಲಿ, ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಕೈಬರಹದ ಪಿ ಅಕ್ಷರದಂಥ ಪುಟ್ಟ ಗುರುತೂ ಕಾಣಬಹುದು. ಅದು ಈ ತಟ್ಟೆಗಳನ್ನು ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯದು. ಸಂಗ್ರಾಹಕರು ಅದನ್ನು 'ಕಿವಿ' ಅಂತಲೇ ಕರೆಯುತ್ತಾರೆ. ಲಿಬರ್ಟಿ ಕಂಪನಿ ಬ್ಲೂ ನೋಟನ್ನು ಕೊಂಡ ಮೇಲೆ, 1966ರ ಹೊತ್ತಿಗೆ, ಪ್ಲಾಸ್ಟಿಲೈಟ್‌ನಲ್ಲಿ ಒತ್ತಿಸುವುದು ನಿಂತಿತು. ಆದರೆ ಮಿಕ್ಕಿದ್ದ ಹಳೇ ಲೇಬಲ್, ಹಳೇ ಹೊದಿಕೆಗಳನ್ನು ಲಿಬರ್ಟಿ ಸುಮ್ನೆ ಬಿಸಾಡಲಿಲ್ಲ, ಹೊಸದಾಗಿ ಒತ್ತಿದ ತಟ್ಟೆಗಳಿಗೆ ಬಳಸಿತು. ಹಾಗಾಗಿ ಲೇಬಲ್ ಹಳೆಯದು, ವ್ಯಾನ್ ಗೆಲ್ಡರ್ ಗುರುತೂ ಇದೆ, ಕಿವಿ ಮಾತ್ರ ಇಲ್ಲ! ಇದನ್ನು ಮರುಬಿಡುಗಡೆ ಅನ್ನಲು ನನಗೆ ಮನಸ್ಸಿಲ್ಲ. ಕೆತ್ತನೆ ಅದೇ, ಬದಲಾದದ್ದು ಒತ್ತಿದ ಜಾಗ ಮತ್ತು ಕಾಲ.

ಇದಕ್ಕೆ 'ಅಚ್ಚು' ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ. ಬಿಸಿ ಪ್ಲಾಸ್ಟಿಕ್ಕನ್ನು ಎರಡು ಲೋಹದ ಅಚ್ಚುಗಳ ನಡುವೆ ಒತ್ತಿಯೇ ತಟ್ಟೆ ಮಾಡುವುದು, ಅಂದರೆ ಪದ ಕೆಲಸಕ್ಕೆ ನೇರವಾಗಿ ಕೂರುತ್ತದೆ. 'ಮೊದಲ ಅಚ್ಚು', 'ಮರುಅಚ್ಚು' ಅನ್ನಬಹುದು. ಹೊಸ ಲೇಬಲ್, ಹೊಸ ನಂಬರ್ ಹಾಕಿ ಮಾರುಕಟ್ಟೆಗೆ ಬಿಟ್ಟರೆ ಅದು 'ಮರುಬಿಡುಗಡೆ'. ಮೂಲ ಟೇಪಿನಿಂದ ಮತ್ತೆ ಗೆರೆ ಹಾಕಿದ್ದರೆ 'ಮರುಕೆತ್ತನೆ'. 'ಒತ್ತು' ಕೂಡ ಯೋಚಿಸಿದೆ, ಆದರೆ 'ಮೊದಲ ಒತ್ತು' ಅಂದರೆ 'ಒತ್ತು ಕೊಡು' ಎಂಬ ಅರ್ಥ ಅಡ್ಡ ಬರುತ್ತದೆ. ಹಾಗೆಯೇ ಗ್ರೂವ್‌ಗೆ (ತಟ್ಟೆಯ ಮೇಲಿನ ಧ್ವನಿಯ ಗೆರೆಗೆ) 'ಗೀರು' ಬೇಡ. ಕೇಳುಗರಿಗೆ ಗೀರು ಅಂದರೆ ತಟ್ಟೆ ಹಾಳಾಗಿರುವುದು.

ಈ ಪದಗಳನ್ನು ಬೇರೆ ಬೇರೆ ಇಡಬೇಕು ಅನ್ನುವುದಕ್ಕೆ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಒಳ್ಳೆ ಉದಾಹರಣೆ. 1959ರ ಆಲ್ಬಮ್. ಮೊದಮೊದಲ ಪ್ರತಿಗಳಲ್ಲಿ ಎರಡನೇ ಬದಿಯ ಎರಡು ಹಾಡುಗಳ ಹೆಸರು ಹಿಂದುಮುಂದಾಗಿ ಅಚ್ಚಾಗಿವೆ. ಲೇಬಲ್‌ನಲ್ಲಿ ಆಲ್ಬಮ್ ಹೊರತಂದ ಕೊಲಂಬಿಯಾ ಕಂಪನಿಯ 'ಕಣ್ಣಿನ' ಲಾಂಛನ ಆರು ಇದ್ದರೆ 1962ರವರೆಗಿನದು, ಎರಡೇ ಇದ್ದರೆ ಆಮೇಲಿನದು. ಇವು ಅಚ್ಚಿನ ಗುರುತುಗಳು. ಮೊದಲನೇ ಬದಿಯದು ಬೇರೆ ಕಥೆ: ಧ್ವನಿಮುದ್ರಣದ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿದ್ದರಿಂದ, ಸರಿಯಾದ ವೇಗದಲ್ಲಿ ಕೇಳಿಸಿದಾಗ ದಶಕಗಳ ಕಾಲ ಆ ಮೂರು ಹಾಡುಗಳು ತುಸು ಏರಿದ ಶ್ರುತಿಯಲ್ಲೇ ಕೇಳುತ್ತಿದ್ದವು, 1992ರ ಸಿಡಿಯಲ್ಲಿ ಅದನ್ನು ಸರಿಪಡಿಸಿದರು. ಸರಿಯಾದ ಶ್ರುತಿಯ ಎಲ್‌ಪಿ ಸಿಕ್ಕರೆ ಅದು ಮರುಕೆತ್ತನೆ, ಆಮೇಲಿನದು, ಹೊದಿಕೆ ಎಷ್ಟೇ ಹಳೆಯದಾಗಿ ಕಂಡರೂ.

ಇನ್ನು ಹೊದಿಕೆಯ ಮೇಲಿನ ಇಸವಿ. ಅದು ಜಾಸ್ತಿ ಸಲ ಮೊದಲ ಬಿಡುಗಡೆಯದು, ಕೈಯಲ್ಲಿರುವ ಪ್ರತಿಯದಲ್ಲ. ಹೊದಿಕೆಯಲ್ಲೇ ಬಾರ್‌ಕೋಡ್ ಅಚ್ಚಾಗಿದ್ದರೆ ಆ ಪ್ರತಿ 50ರ ದಶಕದ್ದಂತೂ ಅಲ್ಲ. 'ಪ್ರಕಟಣೆಯ ವರ್ಷ' ಮತ್ತು 'ಅಚ್ಚಿನ ವರ್ಷ' ಅಂತ ಎರಡು ಮಾಡಿ ಬರೆದರೆ ಗೊಂದಲ ತಪ್ಪುತ್ತದೆ.

ಉಳಿದದ್ದು ಆ ಖಾಲಿ ಸುತ್ತು. ಗುರುತುಗಳೆಲ್ಲ ಇರುವುದು ಅಲ್ಲೇ, ಪದೇ ಪದೇ ಹೇಳಬೇಕಾಗುತ್ತದೆ. 'ಒಳ ಅಂಚು' ಅನ್ನಲೇ, 'ಖಾಲಿ ಬಳೆ' ಅನ್ನಲೇ? ಇದಕ್ಕೆ ಬಳಕೆಯಲ್ಲಿರುವ ಮಾತು ಯಾರಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ. 'ಮರುಅಚ್ಚು' ಕಿವಿಗೆ ಒಗ್ಗುತ್ತದೆಯೇ ಅಂತಲೂ ಹೇಳಿ.