ಬೆಂಗಳೂರಿನಲ್ಲಿ ಹಳೆ ಸೀರೆ ನೋಡೋಕೆ ಮ್ಯೂಸಿಯಂ ಇದೆಯಾ?

ಹುನಗುಂದದವಳು:
ಅವ್ವ ಮುಂದಿನ ವಾರ ಊರಿಂದ ಬರುತ್ತಿದ್ದಾರೆ. ಮಾಲ್ ಸುತ್ತೋಕೆ ಅವರಿಗೆ ಇಷ್ಟವಿಲ್ಲ, ಕೈಮಗ್ಗದ ಹಳೆ ಸೀರೆ ಅಂದರೆ ಜೀವ. ಸುಮ್ನೆ ಅಂಗಡಿ ಬೇಡ, ಇತಿಹಾಸ ತಿಳಿಯುವ ಜಾಗ ಬೇಕು.

ವಿಲ್ಸನ್ ಗಾರ್ಡನ್:
ವಿಕ್ಟೋರಿಯಾ ಲೇಔಟ್‌ನ ವಿಮೋರ್ ಮ್ಯೂಸಿಯಂಗೆ ಹೋಗಿ. 1974ರಲ್ಲಿ ಚಿಮಿ ನಂಜಪ್ಪ ಮತ್ತು ಮಗಳು ಪವಿತ್ರಾ ಮುದ್ದಯ್ಯ ಶುರು ಮಾಡಿದ ಸೀರೆ ಸಂಸ್ಥೆ ಅದು, ದೇವಸ್ಥಾನಗಳ ಹರಾಜಿನಲ್ಲಿ ಸಿಕ್ಕ ಹಳೆ ಸೀರೆ ನೋಡಿ ಆ ವಿನ್ಯಾಸಗಳನ್ನು ಮತ್ತೆ ನೇಯಿಸಿದವರು. ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ, ಚಿಕ್ಕ ಜಾಗ. ಮೊದಲೇ ಫೋನ್ ಮಾಡಿ ಹೋಗಿ.

ಮಗ್ಗದ ಮನೆ:
ಹುನಗುಂದದವರಿಗೆ ಇಳಕಲ್ ಪಕ್ಕದಲ್ಲೇ ಇದೆಯಲ್ರೀ! ಅಲ್ಲಿ ಮಗ್ಗದ ಮುಂದೆ ಕೂತು ನೋಡಿದರೆ ಗಾಜಿನ ಪೆಟ್ಟಿಗೆಗಿಂತ ಜಾಸ್ತಿ ತಿಳಿಯುತ್ತದೆ. ಸೀರೆಯ ಮೈಗೆ ಹತ್ತಿ ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು), ಸೆರಗಿಗೆ ರೇಷ್ಮೆ ಹಾಸು, ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ, ಅದಕ್ಕೇ ಒಂದೊಂದು ಸೀರೆಗೂ ಬೇರೆ ಹಾಸು ಸಿದ್ಧ ಮಾಡಬೇಕು. ಪವರ್‌ಲೂಮ್ ಸೀರೆಗೆ ಇಳಕಲ್ ಅಂತ ಹೆಸರಿಟ್ಟು ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅಹಮದಾಬಾದ್ ಕನ್ನಡಿಗ:
ಈ ಕಡೆ ಬಂದರೆ ಇಲ್ಲಿನ ಬಟ್ಟೆಗಳ ಮ್ಯೂಸಿಯಂ ಕ್ಯಾಲಿಕೋ ಬಿಡಬೇಡಿ. 1949ರದ್ದು. ಮುಂಗಡ ಬುಕಿಂಗ್ ಬೇಕೇ ಬೇಕು, ಫೋಟೋ ತೆಗೆಯುವಂತಿಲ್ಲ.

ಹುನಗುಂದದವಳು:
@ಮಗ್ಗದ ಮನೆ, ಅವ್ವ ಇಳಕಲ್ ಸೀರೆ ಉಟ್ಟೇ ಬೆಳೆದವರು, ಅಲ್ವಾ! ಅವರಿಗೆ ಬೇರೆ ಊರಿನವು ನೋಡಬೇಕಂತೆ. ವಿಮೋರ್‌ಗೆ ಫೋನ್ ಮಾಡುತ್ತೇನೆ. ಕ್ಯಾಮೆರಾ ಅಲ್ಲೂ ಬಿಡಲ್ವಾ?

ವಿಲ್ಸನ್ ಗಾರ್ಡನ್:
ಫೋನ್ ಮಾಡಿದಾಗಲೇ ಅದನ್ನೂ ಕೇಳಿಬಿಡಿ.