23 ಜನಕ್ಕೆ 14 ಪದವಿ ಎಂತಕ್ಕೆ ಮಾರಾಯ?

ಹಲೋ, ಎಲ್ಲರಿಗೂ ಕೇಳುತ್ತಾ ಉಂಟಲ್ಲ? ಟೈಪ್ ಮಾಡಲು ಕೂತರೆ ಬೆಳಗಾಗುತ್ತದೆ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಹಿಂದೆ ಬರುವ ಸದ್ದು ಮಳೆಯದ್ದು, ಅಡುಗೆಮನೆ ಶೀಟಿನ ಮೇಲೆ ಬೀಳುತ್ತಿದೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ವಿಷಯ ತಮ್ಮ ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ ಚಾರ್ಟಿನದ್ದು, ನಮ್ಮ ಆಟದ ಗುಂಪಿಗೆ ವಿಭಾಗ, ಪದವಿ ಹಂಚಿದ್ದು. ಚಿಕ್ಕಮ್ಮ ಕೇಳಿದ್ದಾರೆ, "ಇದೆಂತ, ಯಾರ ಮದುವೆಗೆ ಕೆಲಸ ಹಂಚಿದ್ದು" ಅಂತ. ಮದುವೆ ಅಲ್ಲ ಚಿಕ್ಕಮ್ಮ. ನಾವು ಕಸಿನ್ಸ್, ಅವರ ಫ್ರೆಂಡ್ಸ್ ಎಲ್ಲ ಸೇರಿ 23 ಜನ ಈವ್ ಆನ್‌ಲೈನ್ ಅಂತ ಒಂದು ಆಟ ಆಡುತ್ತೇವೆ. ಆಕಾಶದಲ್ಲಿ ಹಡಗು ಓಡಿಸುವುದು, ಕಲ್ಲು ಕೊರೆದು ಅದಿರು ತೆಗೆಯುವುದು, ಮಾರುವುದು, ಯಾರಾದರೂ ಬಂದು ಹೊಡೆದರೆ ಕೂತು ಬೈಯುವುದು. ಐಸ್‌ಲ್ಯಾಂಡಿನವರು ಮಾಡಿದ ಆಟ, 2003ರಿಂದ ನಡೆಯುತ್ತಾ ಉಂಟು. ನಮ್ಮ ಹಾಗೆ ಕೂಡಿ ಆಡುವವರ ಗುಂಪಿಗೆ ಅದರಲ್ಲಿ ಕಾರ್ಪೊರೇಷನ್ ಅಂತ ಹೆಸರು. ನಮ್ಮ ಮಹಾನಗರಪಾಲಿಕೆಯ ಹಾಗಲ್ಲ, ಆದರೆ ಇಲ್ಲೂ ತೆರಿಗೆ ಉಂಟು.

ತಮ್ಮಾ, ಚಾರ್ಟ್ ಚಂದ ಆಗಿದೆ. ಬಣ್ಣ, ನಕ್ಷತ್ರ, ಗೆರೆ ಎಲ್ಲ ಬೊಂಬಾಟ್. ಆದರೆ 5 ವಿಭಾಗ, 14 ಪದವಿ! ಅಡ್ಮಿರಲ್, ವೈಸ್ ಅಡ್ಮಿರಲ್, ರಿಯರ್ ಅಡ್ಮಿರಲ್, ಕಮೊಡೋರ್... ನಮ್ಮ 23ರಲ್ಲಿ ವಾರವೂ ಸರಿಯಾಗಿ ಬರುವವರು 11 ಜನ. ಅಷ್ಟೂ ಜನ ಅಡ್ಮಿರಲ್ ಆದರೆ ಕಲ್ಲು ಕೊರೆಯಲು ಯಾರು ಹೋಗುತ್ತಾರೆ? ಆಟದಲ್ಲಿ 16 ಟೈಟಲ್ ಇಡಲು ಜಾಗ ಉಂಟು ಅಂತ ನೀನು ಹೇಳಿದ್ದು ಸರಿಯೇ. ಎಲೆಯಲ್ಲಿ ಜಾಗ ಉಂಟು ಅಂತ ಯಾರಾದರೂ ನಾಲ್ಕು ಸಲ ಉಪ್ಪಿನಕಾಯಿ ಬಡಿಸುತ್ತಾರಾ?

ಕಳೆದ ಆದಿತ್ಯವಾರ ಆದದ್ದು ನೆನಪು ಮಾಡಿಕೊಳ್ಳಿ. ಮೂರು ದಿನ ಅಗೆದ ಅದಿರು ತುಂಬಿಸಿಕೊಂಡು ನಾನು ಸ್ಟೇಷನ್ನಿನಿಂದ ಹೊರಗೆ ಬಂದಿದ್ದೆ. ಅಲ್ಲೇ ಇಬ್ಬರು ಕಾಯುತ್ತಿದ್ದರು. ಆಡುವಾಗ ಮಾತಾಡುವ ವಾಯ್ಸಿನಲ್ಲಿ ಅಣ್ಣ "ವಾರ್ಪ್ ಆಗು, ವಾರ್ಪ್ ಆಗು" ಅಂತ, ಅಂದರೆ ಒಮ್ಮೆಲೇ ದೂರ ಹಾರು ಅಂತ, ತಮ್ಮ "ಬೇಡ, ವಾಪಸ್ ಒಳಗೆ ಹೋಗು" ಅಂತ, ಕುವೈತಿನಿಂದ ಭಾವ "ಒಂದು ನಿಮಿಷ, ಯಾರು ಅವರು, ಹೆಸರು ಹೇಳು" ಅಂತ. ನಾನು ಮೂವರ ಮಾತೂ ಕೇಳುತ್ತಾ ಕೂತೆ, ಹಡಗು ಹೋಯಿತು. ಅಲ್ಲಿ ಪದವಿಗೆ ಎಂತ ಕಡಿಮೆ ಆಗಿತ್ತು? ಮೂವರೂ ದೊಡ್ಡವರೇ. ಆ ಹೊತ್ತಿಗೆ ಮಾತು ಯಾರದ್ದು ಅಂತ ಗೊತ್ತಿರಲಿಲ್ಲ, ಅಷ್ಟೇ.

ನಮ್ಮ ದೊಡ್ಡ ಮಾವ ಮಲ್ಪೆಯಲ್ಲಿ ಮೀನಿನ ಬೋಟು ನಡೆಸುವ ತಂಡೇಲ ಆಗಿದ್ದರಲ್ಲ. ಬೋಟಿನ ಮಾಲೀಕರ ಮಗನೇ ಒಮ್ಮೆ ಜೊತೆಗೆ ಹೋಗಿದ್ದನಂತೆ, ಬಲೆ ಇಲ್ಲಿ ಬಿಡಿ ಅಂದನಂತೆ. ಮಾವ ಅವನಿಗೆ ಚಾ ಕೊಟ್ಟು ಒಂದು ಕಡೆ ಕೂರಿಸಿದರಂತೆ. ಕಡಲಲ್ಲಿ ತಂಡೇಲ ಹೇಳಿದ್ದೇ ಮಾತು. ದಕ್ಕೆಗೆ ಬಂದ ಮೇಲೆ ಅದೇ ಮಾವ ಬೋಟಿನ ಕೆಲಸದ ಕಲಾಸಿಗಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಬನ್ಸ್ ತಿನ್ನುತ್ತಿದ್ದರು. ಆಟದಲ್ಲೂ ಇದೇ ಕ್ರಮ ಉಂಟು ನೋಡಿ. ಫ್ಲೀಟ್, ಅಂದರೆ ಒಟ್ಟಿಗೆ ಹೊರಡುವ ಹಡಗುಗಳ ಗುಂಪು ಮಾಡಿದರೆ ಒಬ್ಬ ಕಮಾಂಡರ್, ಅವನ ಕೆಳಗೆ ವಿಂಗ್, ಅದರ ಕೆಳಗೆ ಸ್ಕ್ವಾಡ್, ಒಟ್ಟು 256 ಜನ ಸೇರಬಹುದು. ಫ್ಲೀಟ್ ಮುಗಿದರೆ ಕಮಾಂಡರ್‌ಗಿರಿಯೂ ಮುಗಿಯಿತು. ಹಾಗಾಗಿ ಯುದ್ಧದ ಪದವಿಯನ್ನು ನಾವು ಗೋಡೆಗೆ ಬರೆದಿಡುವುದು ಬೇಡ. ಆ ದಿನ ಯಾರು ಕರೆದುಕೊಂಡು ಹೋಗುತ್ತಾರೋ ಅವರೇ ತಂಡೇಲ. ಕಾಲೇಜು ಹುಡುಗನಾದರೂ ಸೈ, ಅಣ್ಣನೂ ಅವನ ಮಾತು ಕೇಳಬೇಕು. ಅಣ್ಣಾ, ನಿಮಗೇ ಹೇಳಿದ್ದು.

ಇನ್ನು ನನಗೆ ನಿಜವಾಗಿ ಮಂಡೆಬಿಸಿ ಆದದ್ದು ಕೀ ವಿಷಯ. ಚಾರ್ಟಿನಲ್ಲಿ ಮೇಲಿನ ನಾಲ್ಕು ಪದವಿಗೂ ಡೈರೆಕ್ಟರ್ ರೋಲ್ ಅಂತ ಹಾಕಿದ್ದಿ. ರೋಲ್ ಅಂದರೆ ಆಟದಲ್ಲಿ ಕೊಡುವ ಅಧಿಕಾರ. ಡೈರೆಕ್ಟರ್ ಅಂದರೆ ಎಲ್ಲ ಬಾಗಿಲಿನ ಕೀ, ಹಡಗು, ಸಾಮಾನು ಇಡುವ 7 ಹ್ಯಾಂಗರ್, ದುಡ್ಡು ಇಡುವ 7 ವಾಲೆಟ್ ಎಲ್ಲ. 2009ರ ಫೆಬ್ರವರಿಯಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಅಂತ ಈ ಆಟದಲ್ಲೇ ಭಾರೀ ದೊಡ್ಡ ಅಲಯನ್ಸ್, ಅಂದರೆ ಹಲವು ಕಾರ್ಪೊರೇಷನ್‌ಗಳ ಒಕ್ಕೂಟ ಇತ್ತು. ಅವರದ್ದೇ ಒಬ್ಬ ಡೈರೆಕ್ಟರ್ ವೈರಿಗಳ ಕಡೆ ಸೇರಿ, ಇಡೀ ಅಲಯನ್ಸನ್ನೇ ಮುಚ್ಚಿಬಿಟ್ಟ. ಒಂದು ಗುಂಡು ಹಾರಲಿಲ್ಲ, ಅವನ ಹತ್ತಿರ ಆ ಬಟನ್ ಒತ್ತುವ ಅಧಿಕಾರ ಇತ್ತು, ಒತ್ತಿದ. ನಿಮ್ಮ ಮೇಲೆ ಸಂಶಯ ಅಂತ ಅಲ್ಲ. ಆದರೆ ನಮ್ಮಲ್ಲಿ ಒಬ್ಬರ ಪಾಸ್‌ವರ್ಡ್ ಮಗನ ಹೆಸರು ಮತ್ತು ಹುಟ್ಟಿದ ವರ್ಷ, ಯಾರು ಅಂತ ಹೇಳುವುದಿಲ್ಲ. ನಾನು ಕೆಲಸ ಮಾಡುವ ಸೊಸೈಟಿಯಲ್ಲಿ ತಿಜೋರಿಗೆ ಎರಡು ಕೀ. ಒಂದು ಮ್ಯಾನೇಜರ್ ಹತ್ತಿರ, ಒಂದು ನನ್ನ ಹತ್ತಿರ. ಅವರು ನನಗಿಂತ ಎಷ್ಟೋ ದೊಡ್ಡವರು, ಆದರೂ ನಾನು ರಜೆ ಹಾಕಿದ ದಿನ ನನ್ನ ಕೀ ಅವರ ಕೈಗೆ ಹೋಗುವುದಿಲ್ಲ, ಇನ್ನೊಬ್ಬರಿಗೆ ಹೋಗುತ್ತದೆ. ಗೌರವ ಬೇರೆ, ಕೀ ಬೇರೆ ಅಲ್ವಾ. ಆಟದಲ್ಲಿ ಜೂನಿಯರ್ ಅಕೌಂಟೆಂಟ್ ಅಂತ ರೋಲ್ ಉಂಟು, ದುಡ್ಡು ಎಷ್ಟಿದೆ ಅಂತ ನೋಡಬಹುದು, ಮುಟ್ಟಲು ಆಗುವುದಿಲ್ಲ. ಹೆಚ್ಚಿನವರಿಗೆ ಅದು ಧಾರಾಳ. ತೆಗೆಯುವ ರೋಲ್ ಇಬ್ಬರಿಗೆ ಸಾಕು.

ಮತ್ತೆ, ನಿನ್ನ 14ರಲ್ಲಿ ಬಿಲ್ ಕಟ್ಟುವವರು ಯಾರೂ ಇಲ್ಲ, ನೋಡಿದ್ದೀಯಾ? ಅದಿರು ಸಂಸ್ಕರಿಸುವ ರಿಫೈನರಿಗೆ ಫ್ಯೂಯಲ್ ಹಾಕುವವರೂ ಇಲ್ಲ. 2014ರ ಜನವರಿ 27ಕ್ಕೆ ಬಿ-ಆರ್5ಆರ್‌ಬಿ ಅಂತ ಒಂದು ಜಾಗದಲ್ಲಿ ಆದ ಯುದ್ಧ ಶುರುವಾದದ್ದೇ ಒಂದು ಬಿಲ್ ಕಟ್ಟದೆ ಹೋದದ್ದರಿಂದ. ಬಿಲ್ ಬಾಕಿಯಾಗಿ ಆ ಜಾಗದ ಹಕ್ಕು ಕೈಬಿಟ್ಟಿತು, ವೈರಿಗಳು ನುಗ್ಗಿದರು, ಸುಮಾರು 21 ಗಂಟೆ ಹೊಡೆದಾಟ, 75 ಟೈಟನ್ ಪುಡಿ. ಟೈಟನ್ ಅಂದರೆ ಆಟದ ಅತಿ ದೊಡ್ಡ ಹಡಗು ಚಿಕ್ಕಮ್ಮ, ನಮ್ಮ ಹತ್ತಿರ ಒಂದೂ ಇಲ್ಲ. ಹಾಗಾಗಿ ಬಿಲ್, ಫ್ಯೂಯಲ್ ನೋಡುವವರಿಗೆ ಒಂದು ಪದವಿ ಇಡು, ಅದಕ್ಕೆ ಬೇಕಾದರೆ ಎರಡು ನಕ್ಷತ್ರ ಜಾಸ್ತಿ ಕೊಡು.

ವಿಭಾಗ ಎರಡೇ ಮಾಡುವ. ಅಗೆದು ಸಾಗಿಸುವವರು ಒಂದು, ಕಾವಲು ಮತ್ತು ಹೊಡೆದಾಟದವರು ಒಂದು. ಅದಕ್ಕಿಂತ ಮುಖ್ಯ, ಯಾರಿಗೆ ಯಾವ ಸಮಯ ಆಗುತ್ತದೆ ಅಂತ ನೋಡಬೇಕು. ನಮಗೆ ರಾತ್ರಿ 10 ಆಗುವಾಗ ಭಾವನಿಗೆ 7:30, ಅವರಿಗೆ ಶುಕ್ರವಾರ ರಜೆ, ನಮಗೆ ಇಲ್ಲ. ಹುಡುಗರು ಕಾಲೇಜಿನಿಂದ ಬಂದು ಕೂರುವ ಸಂಜೆ 4:30ಕ್ಕೇ ದಿನಾ ಸ್ವಲ್ಪ ಹೊತ್ತು ಸರ್ವರ್ ಬಂದ್ ಮಾಡುತ್ತಾರೆ. ಇನ್ನು ಮೇಲೆ ಟೈಮ್ ಹಾಕುವಾಗ ಆಟದ ಗಡಿಯಾರದ ಟೈಮ್ ಹಾಕಿ, 16:30 ಅಂದರೆ ನಮ್ಮ ರಾತ್ರಿ 10.

ಪದವಿ ನಾಲ್ಕು ಸಾಕು ಅಂತ ನನ್ನ ಲೆಕ್ಕ: ಹೊಸಬ, ಕಲಾಸಿ, ಬಿಲ್ ನೋಡುವವ, ಕೀ ಇರುವವ. ತಂಡೇಲ ಆಯಾ ದಿನಕ್ಕೆ. ಅಡ್ಮಿರಲ್ ಬೇಕೇ ಬೇಕು ಅಂತ ಹಟ ಇದ್ದರೆ ಇಟ್ಟುಕೋ ತಮ್ಮಾ, ಒಂದೂ ರೋಲ್ ಸೇರಿಸದೆ ಸುಮ್ನೆ ಹೆಸರು ಮಾತ್ರ ಟೈಟಲ್ ಆಗಿ ಇಡಲು ಬರುತ್ತದೆ. ನಿನ್ನ ಬರ್ತ್‌ಡೇಗೆ ನಾನೇ ಹಾಕಿಕೊಡುತ್ತೇನೆ.

ಶನಿವಾರ ರಾತ್ರಿ ಊಟ ಆದ ಮೇಲೆ ಎಲ್ಲರೂ ವಾಯ್ಸಿಗೆ ಬನ್ನಿ, ಅಲ್ಲೇ ಮುಗಿಸುವ. ಈ ತಿಂಗಳು ಫ್ಯೂಯಲ್ ನಾನು ನೋಡುತ್ತೇನೆ, ಮುಂದಿನ ತಿಂಗಳಿಗೆ ಯಾರಾದರೂ ಹೆಸರು ಕೊಡಿ. ಹಾಂ, ಮೂರನೇ ಹ್ಯಾಂಗರಿನಿಂದ ಎರಡು ಹಡಗು ತೆಗೆದವರು ಯಾರು? ಗ್ರೂಪಿನಲ್ಲಿ ಬೇಡ, ನನಗೆ ಪರ್ಸನಲ್ ಆಗಿ ಹೇಳಿ.